ಬೀಜಕ್ಕೆ ಒಂದು ಹೀರೇಕಾಯಿ ಬಿಡಿ

ಮನೆ ಮುಂದೆ ಎರಡಡಿ ಜಾಗ ಇದ್ದರೂ ಹೀರೇಕಾಯಿ ಬೆಳೆಯಬಹುದು. ಆದರೆ ಪ್ರತಿ ಸಲ ಬೀಜದ ಪ್ಯಾಕೆಟ್ ಕೊಂಡು ತರುವುದಾದರೆ ಸ್ವಾವಲಂಬನೆ ಎಲ್ಲಿ ಬಂತು, ಅಲ್ವಾ? ಮೊದಲ ಸಲ ಪರಿಚಯದ ರೈತರ ಹತ್ತಿರ ನಾಟಿ ಬೀಜ ಕೇಳಿ. ಹೈಬ್ರಿಡ್ ಕಾಯಿಯ ಬೀಜ ಹಾಕಿದರೆ ಮುಂದಿನ ಬಳ್ಳಿ ಅದೇ ಥರ ಬರುವುದಿಲ್ಲ.

ಬೀಜವನ್ನು ರಾತ್ರಿ ನೆನೆಸಿ, ಒಂದು ಇಂಚು ಆಳಕ್ಕೆ ಊರಿ. ಹಬ್ಬಲು ಚಪ್ಪರ ಬೇಕು, ಹಳೇ ಸೀರೆ ಹರಿದು ಕಟ್ಟಿದರೂ ನಡೆಯುತ್ತದೆ. ಹೂವು ಬಿಟ್ಟೂ ಕಾಯಿ ಕಚ್ಚದಿದ್ದರೆ ಸುಮ್ನೆ ಔಷಧಿ ಹುಡುಕಬೇಡಿ. ಈ ಹೂವು ಅರಳುವುದೇ ಸಂಜೆ, ಆಗ ಹೋಗಿ ನೋಡಿ: ಬುಡದಲ್ಲಿ ಪುಟ್ಟ ಕಾಯಿ ಇರುವುದು ಹೆಣ್ಣು ಹೂವು. ಗಂಡು ಹೂವು ಕಿತ್ತು, ದಳ ಬಿಡಿಸಿ, ಅದರ ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಿ.

ಎಳೆ ಕಾಯಿ ಬಜ್ಜಿಗೆ, ಸಿಪ್ಪೆ ಚಟ್ನಿಗೆ. ಒಂದು ಒಳ್ಳೇ ಕಾಯಿಗೆ ಮಾತ್ರ ದಾರ ಕಟ್ಟಿ ಬಳ್ಳಿಯಲ್ಲೇ ಒಣಗಲು ಬಿಡಿ. ಅಲುಗಿಸಿದಾಗ ಗಲಗಲ ಅಂದರೆ ಬೀಜ ಸಿದ್ಧ. ಕಪ್ಪಗೆ ಗಟ್ಟಿ ಇರುವುದನ್ನು ಆರಿಸಿ, ಬೂದಿ ಬೆರೆಸಿ ಡಬ್ಬಿಯಲ್ಲಿಡಿ. ನಾರು ಮೈ ಉಜ್ಜಲು ಆಯಿತು. ಬೀಜ ಜಾಸ್ತಿ ಇದ್ದರೆ ಪಕ್ಕದ ಮನೆಯವರಿಗೂ ಕೊಡಿ, ನಿಮ್ಮ ಬಳ್ಳಿ ಕೈಕೊಟ್ಟ ವರ್ಷ ಅವರ ಹತ್ತಿರ ಕೇಳಬಹುದು.