ಹಳೇ ಓಣಿಯ ಕಿಟಕಿಗಳು ಕಲಿಸಿದ್ದು

ರಾಯಚೂರಿನ ಹಳೇ ಊರಿನಲ್ಲಿ ಅಂಗಡಿಯಿಲ್ಲದೆ ಬ್ಲೈಂಡ್ಸ್, ಅಂದರೆ ಕಿಟಕಿಗೆ ಇಳಿಬಿಡುವ ಪರದೆಗಳ ವ್ಯಾಪಾರ ಮಾಡುತ್ತೇನೆ. ಕಂಪನಿಯದು ಫ್ರಾಂಚೈಸಿ, ವ್ಯಾನ್ ನನ್ನದು. ಸ್ಯಾಂಪಲ್ ಪುಸ್ತಕ, ಟೇಪು, ಡ್ರಿಲ್ಲು ಎಲ್ಲ ಅದರಲ್ಲೇ. ತೀನ್ ಕಂದಿಲ್ ಹತ್ತಿರ ಅದನ್ನು ನಿಲ್ಲಿಸಿ, ಚೀಲ ಹೆಗಲಿಗೇರಿಸಿ ಓಣಿಯೊಳಗೆ ನಡೆಯುವುದೇ.

ಮೊದಲ ದೊಡ್ಡ ಆರ್ಡರ್ ಆರು ಕಿಟಕಿಗಳದ್ದು. ಮೇಲ್ಗಡೆ ಮಾತ್ರ ಅಳತೆ ಹಿಡಿದು ಕಳಿಸಿಬಿಟ್ಟೆ. ಮಾಲು ಬಂತು, ಕೂರಿಸಿದೆ. ಅರ್ಧ ಇಳಿದು ಸಿಕ್ಕಿಕೊಂಡವು. ಕೆಳಗೆ ಚೌಕಟ್ಟು ಒಂದು ಸೆಂಟಿಮೀಟರ್ ಕಿರಿದಾಗಿತ್ತು! ಅಳತೆಗೆ ಕತ್ತರಿಸಿದ ಮಾಲು ವಾಪಸ್ ಹೋಗುವುದಿಲ್ಲ. ದುಡ್ಡು ನಾನೇ ತುಂಬಿದೆ. ಅವತ್ತಿನಿಂದ ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಹಿಡಿಯುತ್ತೇನೆ, ಅದೂ ಮಿಲಿಮೀಟರಿನಲ್ಲಿ. ಚೌಕಟ್ಟಿನೊಳಗೆ ಕೂರಿಸುವುದಾದರೆ ಮೂರರಲ್ಲಿ ಚಿಕ್ಕದನ್ನೇ ಬರೆಯಬೇಕು. ಮೂಲೆಯಿಂದ ಮೂಲೆಗೂ ಟೇಪು ಹಿಡಿಯಬೇಕು. ಎರಡೂ ಸಮ ಬರದಿದ್ದರೆ ಚೌಕಟ್ಟು ವಾಲಿದೆ. ಆಗ ಗೋಡೆಗೇ ಹಾಕುವುದು ಒಳ್ಳೇದು.

ಗೋಡೆಯದು ಬೇರೆಯೇ ಕಷ್ಟ. 1294ರ ಕೋಟೆಯ ಒಳಗೋಡೆಯಲ್ಲಿ ಕಲ್ಲಿಗೆ ಕಲ್ಲು ಗಾರೆಯಿಲ್ಲದೆ ಕೂತಿದೆ. ಅದರ ಆಸುಪಾಸಿನಲ್ಲಿ ನಾನು ಕೆಲಸ ಮಾಡಿದ ಮನೆಗಳಲ್ಲಿ ಕಲ್ಲಿನ ಸಂದಿಗೆ ಮಣ್ಣು ತುಂಬಿರುತ್ತಿತ್ತು. ಸಂದಿಗೆ ಡ್ರಿಲ್ ಹಿಡಿದರೆ ಮಣ್ಣು ಸುರಿಯುತ್ತದೆ, ಸ್ಕ್ರೂ ಹಿಡಿಯುವ ಪ್ಲಗ್ ನಿಲ್ಲುವುದಿಲ್ಲ. ತಡವಾದರೂ ಕಲ್ಲಿಗೇ ತೂತು ಹಾಕಬೇಕು.

ಮೇ ತಿಂಗಳು, ಮಧ್ಯಾಹ್ನ ಮೂರು ಗಂಟೆ. ಪಡುವಣ ಕಿಟಕಿ ತೋರಿಸಿ ಅಜ್ಜಿಯೊಬ್ಬರು, 'ತಮ್ಮಾ, ಚೌಕಟ್ಟಿಗೆ ಮೊಳಿ ಹೊಡಿಬ್ಯಾಡಪ. ನಮ್ಮ ಮಾವನವರು ಕೂಡ್ರಿಸಿದ್ದದು' ಅಂದರು. ತೇಗದ ಚೌಕಟ್ಟು, ಎಣ್ಣೆ ಸವರಿ ಸವರಿ ಕಪ್ಪಾಗಿತ್ತು. ಸರಳು ಮುಟ್ಟಿದೆ, ಕೈ ಚುರ್ ಎಂದಿತು. ಕದಗಳು ಒಳಕ್ಕೆ ತೆರೆಯುತ್ತಿದ್ದವು. ಒಳಗೆ ರೋಲರ್, ಅಂದರೆ ಸುತ್ತಿಕೊಳ್ಳುವ ಪರದೆ ಹಾಕಿದರೆ ಕದ ತೆರೆಯಲು ಜಾಗವೇ ಇಲ್ಲ. ಅಲ್ಲದೆ ಬಿಸಿಲು ಕಿಟಕಿ ದಾಟಿದ ಮೇಲೆ ಪರದೆಯೇ ಕಾಯುತ್ತದೆ, ಆ ಕಾವು ಕೋಣೆಯಲ್ಲೇ ಉಳಿಯುತ್ತದೆ. ಬಿಸಿಲನ್ನು ಹೊರಗೇ ತಡೆಯಬೇಕು ಅಲ್ವಾ?

'ಅಜ್ಜಿ, ಇದಕ್ಕೆ ನನ್ನ ಮಾಲು ಬ್ಯಾಡ. ಹೊರಗ ಬಿದಿರಿನ ತಟ್ಟಿ ಹಾಕ್ರಿ' ಅಂದೆ. ನನ್ನ ಪುಸ್ತಕದಲ್ಲಿ ಅದಿಲ್ಲ. ಹೆಣೆಯುವವರಿಂದ ನಾನೇ ತಂದು, ಕಿಟಕಿ ಮೇಲಿನ ಕಲ್ಲಿಗೆ ಎರಡು ಕೊಂಡಿ ಬಡಿದು, ಹಗ್ಗ ಎಳೆದರೆ ಸುತ್ತಿಕೊಳ್ಳುವಂತೆ ಕಟ್ಟಿದೆ. ಕೂಲಿ ಮಾತ್ರ ತಗೊಂಡೆ.

ಮರುದಿನ ಅದೇ ಹೊತ್ತಿಗೆ ಹೋಗಿ ಸರಳು ಮುಟ್ಟಿ ನೋಡಿದೆ. ಬೆಚ್ಚಗಿತ್ತು, ಅಷ್ಟೆ. ಅಜ್ಜಿ ಕಿಟಕಿ ಕೆಳಗೇ ಚಾಪೆ ಹಾಸಿ ಮಲಗಿದ್ದರು.