ಗ್ರಾಫ್ ಹಾಳೆಯ ಮೇಲೆ ಹಬಲ್ ಗೆರೆ: ದಾವಣಗೆರೆಯ ಲ್ಯಾಬಿನಲ್ಲಿ ನಾವು ಮಾಡುವ ಬಗೆ

ಬ್ರಹ್ಮಾಂಡ ಹಿಗ್ಗುತ್ತಿದೆ ಎಂಬುದನ್ನು ಬಿ.ಎಸ್ಸಿ. ಮಕ್ಕಳು ಪರೀಕ್ಷೆಗೆಂದು ಬಾಯಿಪಾಠ ಮಾಡುತ್ತಾರೆ. ಅದನ್ನು ಅವರ ಕೈಯಿಂದಲೇ ಅಳೆಸಬಹುದು. ಗೆಲಾಕ್ಸಿ ದೂರವಿದ್ದಷ್ಟೂ ಅದು ನಮ್ಮಿಂದ ಸರಿಯುವ ವೇಗ ಹೆಚ್ಚು ಎಂದು ತೋರಿಸುವ ನೇರ ಗೆರೆಯೇ ಹಬಲ್ ಗೆರೆ. ದಾವಣಗೆರೆಯ ನಮ್ಮ ಲ್ಯಾಬಿನಲ್ಲಿ ಇದಕ್ಕೆ ದೂರದರ್ಶಕ ಬಳಸುವುದಿಲ್ಲ. ಇಂಟರ್ನೆಟ್ ಇರುವ ಒಂದು ಕಂಪ್ಯೂಟರ್, ಕ್ಯಾಲ್ಕುಲೇಟರ್, ಗ್ರಾಫ್ ಹಾಳೆ ಇಷ್ಟೇ ಸಾಕು. ಸ್ಲೋನ್ ಡಿಜಿಟಲ್ ಸ್ಕೈ ಸರ್ವೆಯವರು ಲಕ್ಷಾಂತರ ಗೆಲಾಕ್ಸಿಗಳ ಚಿತ್ರ, ರೋಹಿತ (ಬೆಳಕನ್ನು ತರಂಗಾಂತರದ ಪ್ರಕಾರ ಬಿಡಿಸಿದ ಪಟ್ಟಿ) ಎರಡನ್ನೂ ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟಿದ್ದಾರೆ.

ಗೆಲಾಕ್ಸಿ ಆರಿಸುವಾಗಲೇ ಅರ್ಧ ಕೆಲಸ ಕೆಡಬಹುದು. ಹತ್ತಿರದವು ಬೇಡ. ನೆರೆಯ ಆಂಡ್ರೊಮಿಡಾ ಗೆಲಾಕ್ಸಿ ಸೆಕೆಂಡಿಗೆ ಸುಮಾರು 300 ಕಿ.ಮೀ. ವೇಗದಲ್ಲಿ ನಮ್ಮ ಕಡೆಗೇ ಬರುತ್ತಿದೆ. 1912ರಲ್ಲಿ ವೆಸ್ಟೊ ಸ್ಲೈಫರ್ ಮೊದಲು ಅಳೆದದ್ದೂ ಇದನ್ನೇ. ನೆರೆಯ ಗೆಲಾಕ್ಸಿಗಳ ಸೆಳೆತದಿಂದ ಬರುವ ಇಂಥ ಸ್ವಂತ ವೇಗ ಕೆಲವು ನೂರು ಕಿ.ಮೀ. ಇರುತ್ತದೆ. ರೆಡ್‌ಶಿಫ್ಟ್ (ಬೆಳಕಿನ ತರಂಗಾಂತರ ಕೆಂಪಿನ ಕಡೆಗೆ ಎಷ್ಟು ಪಾಲು ಸರಿದಿದೆ ಎಂಬ ಸಂಖ್ಯೆ) 0.02 ಇರುವಲ್ಲಿ ಹಿಗ್ಗುವಿಕೆಯ ವೇಗ ಸೆಕೆಂಡಿಗೆ 6,000 ಕಿ.ಮೀ., ಅದರ ಮುಂದೆ 300 ಎಂದರೆ ನೂರಕ್ಕೆ ಐದು. ಇನ್ನು 0.08 ದಾಟಿದರೆ ರೆಡ್‌ಶಿಫ್ಟನ್ನು ಬೆಳಕಿನ ವೇಗದಿಂದ ಗುಣಿಸುವ ಸರಳ ಲೆಕ್ಕ ಸಡಿಲವಾಗುತ್ತ ಹೋಗುತ್ತದೆ. ಈ ಎರಡರ ನಡುವಿನ, ಒಂದೇ ಬಗೆಯ ಇಪ್ಪತ್ತು ಸುರುಳಿ ಗೆಲಾಕ್ಸಿ ಸಾಕು. ಪಟ್ಟಿಯನ್ನು ಮೇಷ್ಟ್ರೇ ಮಾಡಿ, ರೆಡ್‌ಶಿಫ್ಟ್ ಕಾಲಂ ಮುಚ್ಚಿ ಮಕ್ಕಳಿಗೆ ಕೊಡಬೇಕು.

ವೇಗ ಅಳೆಯುವುದು ಸುಲಭದ ಭಾಗ. ರೋಹಿತದಲ್ಲಿ ಹೈಡ್ರೋಜನ್ ಮೂಡಿಸುವ ಕೆಂಪು ಗೆರೆ, ಹೈಡ್ರೋಜನ್ ಆಲ್ಫಾ, ಎಲ್ಲಿದೆ ಎಂದು ನೋಡಬೇಕು. ಪಠ್ಯಪುಸ್ತಕದ 6562.8 ಆಂಗ್‌ಸ್ಟ್ರಾಮ್ (ತರಂಗಾಂತರದ ಮಾನ) ಗಾಳಿಯಲ್ಲಿನ ಅಳತೆ. ಸ್ಲೋನ್ ರೋಹಿತಗಳು ನಿರ್ವಾತದ ಅಳತೆಯವು, ಅಲ್ಲಿ 6564.6. ಈ 1.8 ಮರೆತರೆ ಪ್ರತಿ ಗೆಲಾಕ್ಸಿಗೂ ಸೆಕೆಂಡಿಗೆ 80 ಚಿಲ್ಲರೆ ಕಿ.ಮೀ. ಸುಮ್ಮನೆ ಸೇರಿಕೊಳ್ಳುತ್ತದೆ. ಇದಕ್ಕಿಂತ ದೊಡ್ಡ ತಪ್ಪು ಪಕ್ಕದ ನೈಟ್ರೋಜನ್ ಗೆರೆಯದು. 6585ರಲ್ಲಿರುವ ಅದು ಕೆಲವು ಸುರುಳಿಗಳಲ್ಲಿ ಹೈಡ್ರೋಜನ್‌ನಷ್ಟೇ ಎತ್ತರ ಕಾಣುತ್ತದೆ. ಅದನ್ನೇ ಗುರುತು ಹಾಕಿಕೊಂಡರೆ ವೇಗದಲ್ಲಿ ಸುಮಾರು 950 ಕಿ.ಮೀ. ಏರುಪೇರಾಗುತ್ತದೆ. ಅದಕ್ಕೇ ನೀಲಿ ತುದಿಯ ಕ್ಯಾಲ್ಸಿಯಂನ ಜೋಡಿ ಗೆರೆಗಳಿಂದ (3934.8 ಮತ್ತು 3969.6) ತಾಳೆ ನೋಡುವುದು ಕಡ್ಡಾಯ.

ಒಂದು ಉದಾಹರಣೆ. ಹೈಡ್ರೋಜನ್ ಗೆರೆ 6794ಕ್ಕೆ ಬಂದಿದೆ ಎನ್ನೋಣ. ಸರಿದದ್ದು 229.4, ಅದನ್ನು 6564.6ರಿಂದ ಭಾಗಿಸಿದರೆ 0.035, ವೇಗ ಸುಮಾರು 10,480 ಕಿ.ಮೀ. ಕ್ಯಾಲ್ಸಿಯಂ ಗೆರೆಗಳು ಆಗ 4072 ಮತ್ತು 4108ರ ಬಳಿ ಸಿಗಬೇಕು. ಎಲ್ಲ ಗೆರೆಗಳೂ 229ರಷ್ಟೇ ಸರಿಯುವುದಿಲ್ಲ, ಎಲ್ಲವೂ 1.035ರಿಂದ ಗುಣಿಸಲ್ಪಡುತ್ತವೆ, ಕ್ಯಾಲ್ಸಿಯಂ ಜೋಡಿಯ ನಡುವಿನ ಅಂತರವೇ 34.8ರಿಂದ 36ಕ್ಕೆ ಹಿಗ್ಗಿರುತ್ತದೆ. ಮಕ್ಕಳು ಸ್ಕೇಲ್ ಇಟ್ಟು ಇದನ್ನು ನೋಡಲೇಬೇಕು. ರೆಡ್‌ಶಿಫ್ಟ್ 0.046ರ ಆಸುಪಾಸಿನಲ್ಲಿ ಹೈಡ್ರೋಜನ್ ಗೆರೆ ನಮ್ಮದೇ ವಾತಾವರಣದ ಆಕ್ಸಿಜನ್ ಬೆಳಕು ಹೀರುವ 6870ರ ಜಾಗಕ್ಕೆ ಬೀಳುತ್ತದೆ. ಅಲ್ಲಿ ಕ್ಯಾಲ್ಸಿಯಂ ಹೇಳಿದ್ದನ್ನೇ ನಂಬಿ.

ಕಷ್ಟವೆಲ್ಲ ದೂರದ್ದು. ಸ್ಲೋನ್ ತಾಣದಲ್ಲೇ ಸಿಗುವ ದೂರವನ್ನು ಬರೆದುಕೊಳ್ಳುವ ಆಸೆ ಎಲ್ಲರಿಗೂ ಆಗುತ್ತದೆ. ಆ ದೂರ ಬಹುತೇಕ ರೆಡ್‌ಶಿಫ್ಟಿನಿಂದಲೇ ಲೆಕ್ಕ ಹಾಕಿದ್ದು. ಅದನ್ನು ಹಾಕಿದರೆ ಗೆರೆ ಚೊಕ್ಕವಾಗಿ ಬರುತ್ತದೆ, ಆದರೆ ಏನನ್ನೂ ಸಾಬೀತು ಮಾಡಿದಂತಾಗುವುದಿಲ್ಲ. ನಾವು ಚಿತ್ರದಿಂದ ಅಳೆಯುತ್ತೇವೆ: ಒಂದೇ ಬಗೆಯ ಸುರುಳಿಗಳ ವ್ಯಾಸ ಸರಾಸರಿ 22 ಕಿಲೋಪಾರ್ಸೆಕ್ (ಸುಮಾರು 72 ಸಾವಿರ ಜ್ಯೋತಿರ್ವರ್ಷ) ಎಂದು ಹಿಡಿದು, ಕಾಣುವ ಕೋನದಿಂದ ದೂರ ತೆಗೆಯುವುದು. ಸ್ಲೋನ್ ಚಿತ್ರದಲ್ಲಿ ಪಿಕ್ಸೆಲ್‌ಗೆ 0.396 ಆರ್ಕ್‌ಸೆಕೆಂಡ್ (ಡಿಗ್ರಿಯ 3,600ನೇ ಒಂದು ಪಾಲು ಒಂದು ಆರ್ಕ್‌ಸೆಕೆಂಡ್). ಮೇಲಿನ ಗೆಲಾಕ್ಸಿ 76 ಪಿಕ್ಸೆಲ್ ಅಗಲವಿದ್ದರೆ 30 ಆರ್ಕ್‌ಸೆಕೆಂಡ್, ದೂರ ಸುಮಾರು 150 ಮೆಗಾಪಾರ್ಸೆಕ್, ಅಂದರೆ 49 ಕೋಟಿ ಜ್ಯೋತಿರ್ವರ್ಷ. ಅಂಚು ಎಲ್ಲಿ ಮುಗಿಯುತ್ತದೆ ಎಂಬುದರಲ್ಲೇ ಜಗಳ. ಒಬ್ಬರು ಹೊಳೆಯುವ ನಡುಭಾಗಕ್ಕೆ ನಿಲ್ಲಿಸುತ್ತಾರೆ, ಇನ್ನೊಬ್ಬರು ಮಸುಕು ಬಾಲದವರೆಗೂ ಹೋಗುತ್ತಾರೆ. ಎಲ್ಲ ಚಿತ್ರಕ್ಕೂ ಒಬ್ಬರೇ ಅಳೆಯಲಿ. ದೂರ ಹೋದಂತೆ ದೈತ್ಯ ಗೆಲಾಕ್ಸಿಗಳೇ ಕಣ್ಣಿಗೆ ಬೀಳುವುದು ಇನ್ನೊಂದು ತೊಡಕು. ಅವನ್ನೂ 22 ಎಂದೇ ಹಿಡಿಯುವುದರಿಂದ ದೂರ ಕಡಿಮೆ ಬಂದು ಗೆರೆ ಕೊನೆಯಲ್ಲಿ ಮೇಲಕ್ಕೆ ಬಾಗುತ್ತದೆ.

ಅಡ್ಡಕ್ಕೆ ದೂರ 400 ಮೆಗಾಪಾರ್ಸೆಕ್‌ವರೆಗೆ, ಉದ್ದಕ್ಕೆ ವೇಗ 25,000ದವರೆಗೆ. ಚುಕ್ಕಿಗಳು ಚದುರಿದ್ದರೂ ಸೊನ್ನೆಯಿಂದ ಹೊರಟ ನೇರ ಗೆರೆಯ ಸುತ್ತ ಕೂರುತ್ತವೆ. ಸ್ಲೋಪ್ (ಪ್ರತಿ ಮೆಗಾಪಾರ್ಸೆಕ್‌ಗೆ ಸೆಕೆಂಡಿಗೆ ಎಷ್ಟು ಕಿ.ಮೀ.) ಪುಸ್ತಕದಲ್ಲಿರುವ 70ರ ಸುತ್ತ ಬಂದರೆ ಹಿಗ್ಗಬೇಡಿ. 22ರ ಬದಲು ಆಂಡ್ರೊಮಿಡಾದ ಅಳತೆ (ಆಕಾಶದಲ್ಲಿ ಸುಮಾರು 3 ಡಿಗ್ರಿ, ದೂರ 0.78 ಮೆಗಾಪಾರ್ಸೆಕ್, ವ್ಯಾಸ 41 ಕಿಲೋಪಾರ್ಸೆಕ್) ಹಾಕಿದರೆ ಸ್ಲೋಪ್ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಗೆರೆ ಮಾತ್ರ ನೇರವಾಗಿಯೇ ಉಳಿಯುತ್ತದೆ. ನಾವು ನಿಜಕ್ಕೂ ಕಂಡುಕೊಂಡದ್ದು ಆ ನೇರವನ್ನು.

ಎಡ್ವಿನ್ ಹಬಲ್‌ಗೆ ಆದದ್ದೂ ಇದೇ. 1929ರ ಅವರ ಸಂಖ್ಯೆ ಸುಮಾರು 500. ಹೆನ್ರಿಯೆಟಾ ಲೆವಿಟ್ 1912ರಲ್ಲಿ ಕೊಟ್ಟ ಸೆಫೀಡ್ ನಿಯಮವೇ (ಕ್ರಮವಾಗಿ ಹೊಳಪು ಏರಿಳಿಯುವ ಈ ನಕ್ಷತ್ರಗಳ ಏರಿಳಿತದ ಅವಧಿಯಿಂದ ಅವುಗಳ ನಿಜವಾದ ಪ್ರಕಾಶ ತಿಳಿಯುತ್ತದೆ) ಹಬಲ್‌ರ ಅಳತೆಗೋಲು; ಸೆಫೀಡ್‌ಗಳಲ್ಲಿ ಎರಡು ಬಗೆ, ಪ್ರಕಾಶದಲ್ಲಿ ಸುಮಾರು 1.5 ಮ್ಯಾಗ್ನಿಟ್ಯೂಡ್ (ಸುಮಾರು ನಾಲ್ಕು ಪಟ್ಟು) ವ್ಯತ್ಯಾಸ ಎಂದು ವಾಲ್ಟರ್ ಬಾಡೆ 1952ರಲ್ಲಿ ತೋರಿಸಿದಾಗ ದೂರಗಳು ಇಮ್ಮಡಿಯಾದವು. 978ನ್ನು ಸ್ಲೋಪ್‌ನಿಂದ ಭಾಗಿಸಿದರೆ ಹಿಗ್ಗಲು ಹಿಡಿದ ಕಾಲ, ಅಂದರೆ ಬ್ರಹ್ಮಾಂಡದ ಅಂದಾಜು ವಯಸ್ಸು, ನೂರು ಕೋಟಿ ವರ್ಷದ ಲೆಕ್ಕದಲ್ಲಿ ಸಿಗುತ್ತದೆ. 500ಕ್ಕೆ ಬರುವುದು 196 ಕೋಟಿ ವರ್ಷ. ಚಿತ್ರದುರ್ಗದ ಮಗ್ಗುಲಿನ ಮರಡಿಹಳ್ಳಿಯ ಪಿಲ್ಲೋ ಲಾವಾ (ನೀರಿನಡಿ ತಣಿದು ದಿಂಬಿನಾಕಾರ ತಳೆದ ಲಾವಾ) ಬಂಡೆಗಳಿಗೇ ಸುಮಾರು 250 ಕೋಟಿ ವರ್ಷ! ಬಂಡೆ ಬ್ರಹ್ಮಾಂಡಕ್ಕಿಂತ ಹಳೆಯದಾಗಲಾರದು. 70 ಹಾಕಿದರೆ 1,397 ಕೋಟಿ, ತೊಡಕು ಬಗೆಹರಿಯುತ್ತದೆ.

ನೇರ ಗೆರೆ ಕಂಡ ಮಕ್ಕಳು ‘ಹಾಗಾದರೆ ನಾವೇ ನಡುವಿನಲ್ಲಿದ್ದೇವಾ ಸರ್?’ ಎಂದು ಕೇಳಿಯೇ ಕೇಳುತ್ತಾರೆ. ಇಲ್ಲಿ ಐನ್‌ಸ್ಟೈನ್ ಬೇಕು. 1915ರ ಅವರ ಸಮೀಕರಣಗಳಲ್ಲಿ ದ್ರವ್ಯವೇ ದೇಶಕಾಲದ ಆಕಾರವನ್ನು ನಿರ್ಧರಿಸುತ್ತದೆ. ಎಲ್ಲೆಡೆ ಸಮನಾಗಿ ಹರಡಿದ ದ್ರವ್ಯ ತನ್ನಷ್ಟಕ್ಕೆ ನಿಂತಲ್ಲೇ ನಿಲ್ಲದು; ನಿಲ್ಲಿಸಲೆಂದೇ 1917ರಲ್ಲಿ ಅವರು ಒಂದು ಸ್ಥಿರಾಂಕ ಸೇರಿಸಿದರು. 1922ರಲ್ಲಿ ಅಲೆಕ್ಸಾಂಡರ್ ಫ್ರೀಡ್‌ಮನ್ ಹಿಗ್ಗುವ ಉತ್ತರಗಳನ್ನು ಬಿಡಿಸಿದರು, 1927ರಲ್ಲಿ ಜಾರ್ಜ್ ಲೆಮೆತ್ರ್ ಅದನ್ನು ಗೆಲಾಕ್ಸಿಗಳ ವೇಗಕ್ಕೆ ಜೋಡಿಸಿದರು. ಗ್ರಾಫ್‌ಗಿಂತ ಮೊದಲೇ ಸಮೀಕರಣ ಈ ದಾರಿ ತೋರಿಸಿತ್ತು ಎಂಬುದು ನನಗೆ ಇವತ್ತಿಗೂ ರೋಮಾಂಚನದ ಸಂಗತಿ.

ತೋರಿಸಲು ಟೈಲರ್ ಸಾಮಾನಿನ ಅಂಗಡಿಯ ಅರ್ಧ ಇಂಚಿನ ಎಲಾಸ್ಟಿಕ್ ಒಂದು ಮೀಟರ್, 10 ಸೆಂ.ಮೀ.ಗೊಂದು ಶರ್ಟಿನ ಗುಂಡಿ. ಒಂದೂವರೆ ಮೀಟರ್‌ಗೆ ಎಳೆದರೆ 10ರಲ್ಲಿದ್ದ ಗುಂಡಿ 15ಕ್ಕೆ, 40ರದು 60ಕ್ಕೆ. ನಡುವಿನ ಯಾವ ಗುಂಡಿಯಿಂದ ಅಳೆದರೂ ಲೆಕ್ಕ ಅದೇ, ಹಾಗಾಗಿ ನೇರ ಗೆರೆ ಕಂಡಿತೆಂದು ನಾವೇ ನಡುವಿನಲ್ಲಿದ್ದೇವೆ ಎನ್ನಲಾಗದು. ಮೇಜಿಗೆ ತಾಗಿಸಿ ಎಳೆಯಬೇಡಿ, ಉಜ್ಜಿ ಒಂದೇ ಕಡೆ ಹಿಗ್ಗುತ್ತದೆ. ಇಬ್ಬರು ಗಾಳಿಯಲ್ಲಿ ಎತ್ತಿ ಹಿಡಿಯಲಿ. ಪೆನ್ನಿನ ಗುರುತು ಬೇಡ, ಅದೂ ಅಗಲವಾಗುತ್ತದೆ. ಗೆಲಾಕ್ಸಿ ತನ್ನ ಗುರುತ್ವದಿಂದ ಬಿಗಿಯಾಗಿದ್ದು ಹಿಗ್ಗುವುದಿಲ್ಲ, ಗುಂಡಿಯೂ ಹಿಗ್ಗುವುದಿಲ್ಲ.

ಇದಾದ ಮೇಲೆ ರೆಕಾರ್ಡ್ ಪುಸ್ತಕದಲ್ಲಿ ವೇಗದ ಪಕ್ಕ ಇನ್ನೊಂದು ಕಾಲಂ ಹಾಕಿಸುತ್ತೇವೆ: ಒಂದಕ್ಕೆ ರೆಡ್‌ಶಿಫ್ಟ್ ಕೂಡಿಸಿದ ಸಂಖ್ಯೆ. ನಮ್ಮ ಉದಾಹರಣೆಯಲ್ಲಿ ಅದು 1.035. ಬೆಳಕು ಅಲ್ಲಿಂದ ಹೊರಟಾಗ ಗೆಲಾಕ್ಸಿಗಳ ನಡುವೆ 100 ಇದ್ದ ಅಂತರ ಈಗ 103.5 ಆಗಿದೆ ಎಂದು ಅದರ ಅರ್ಥ. ರೆಡ್‌ಶಿಫ್ಟ್ ಎಷ್ಟೇ ದೊಡ್ಡದಿರಲಿ, ಈ ಕಾಲಂ ತಪ್ಪುವುದಿಲ್ಲ.