ಎರಡನೇ ಡ್ರೈವಿನಲ್ಲಿ ಮೀಡಿಯಾವಿಕಿ: 403ರ ಹಿಂದೆ ಇದ್ದದ್ದು

ಕಲಬುರಗಿಯ ಮನೆಯಲ್ಲಿ ಓಡುವ ಈ ಸರ್ವರಿನಲ್ಲಿ 120 ಜಿಬಿ ಎಸ್‌ಎಸ್‌ಡಿ ಮೇಲೆ ಡೆಬಿಯನ್ ಲಿನಕ್ಸ್ ಇದೆ. ಮಳಖೇಡ, ಸನ್ನತಿ, ಕೋಟೆಯ ಫೋಟೊಗಳನ್ನು ಟಿಪ್ಪಣಿ ಸಮೇತ ಒಂದೆಡೆ ಇಡಲು ವಿಕಿಪೀಡಿಯ ಬಳಸುವ ತಂತ್ರಾಂಶವಾದ ಮೀಡಿಯಾವಿಕಿ ಬೇಕಿತ್ತು. ಫೋಟೊ ಅಂದಮೇಲೆ ಜಾಗ ಬೇಕು, ಹಾಗಾಗಿ ವಿಕಿಯನ್ನು 1 ಟಿಬಿಯ ಎರಡನೇ ಡ್ರೈವಿಗೆ ಹಾಕಿದೆ. ಬ್ರೌಸರ್ ತೆರೆದರೆ 403, ಅಂದರೆ ಪ್ರವೇಶ ನಿರಾಕರಣೆ.

ಇಂಥ ಹೊತ್ತಿನಲ್ಲಿ ಎಲ್ಲರೂ ಕೊಡುವ ಸಲಹೆ ಫೋಲ್ಡರಿಗೆ 777 ಪರ್ಮಿಷನ್ (ಎಲ್ಲರಿಗೂ ಎಲ್ಲ ಹಕ್ಕು) ಹಾಕು ಅನ್ನುವುದು. ದಯವಿಟ್ಟು ಹಾಕಬೇಡಿ. ಡೇಟಾಬೇಸ್ ಪಾಸ್‌ವರ್ಡ್ ಇರುವ ಲೋಕಲ್‌ಸೆಟ್ಟಿಂಗ್ಸ್ ಫೈಲೂ ಎಲ್ಲರ ಕೈಗೆ ಸಿಗುತ್ತದೆ, 403 ಮಾತ್ರ ಹೋಗುವುದಿಲ್ಲ. ಮೊದಲು ವಿಕಿಯ ಪುಟಗಳನ್ನು ಬ್ರೌಸರಿಗೆ ಕಳಿಸುವ ವೆಬ್ ಸರ್ವರ್ ಅಪಾಚೆಯ ಎರರ್ ಲಾಗ್ ಓದಿ. ಪರದೆ ಮೇಲೆ ಒಂದೇ 403 ಕಂಡರೂ ಲಾಗಿನಲ್ಲಿ ಎರಡು ಬೇರೆ ಸಂಖ್ಯೆಗಳಲ್ಲಿ ಒಂದು ಬರಬಹುದು, ಎರಡಕ್ಕೂ ಮದ್ದು ಬೇರೆ.

ಎಎಚ್00035 ಬಂದರೆ ದಾರಿಯಲ್ಲಿ ಎಲ್ಲೋ ಒಂದು ಫೋಲ್ಡರ್ ಅಪಾಚೆಯನ್ನು ಒಳಗೆ ಬಿಡುತ್ತಿಲ್ಲ ಎಂದರ್ಥ. ನೇಮೈ ಕಮಾಂಡಿಗೆ ಹೈಫನ್ ಎಲ್ ಸೇರಿಸಿ ವಿಕಿಯ ಪೂರ್ತಿ ಪಾಥ್ ಕೊಟ್ಟರೆ, ಮೂಲದಿಂದ ಹಿಡಿದು ಒಂದೊಂದು ಫೋಲ್ಡರಿನ ಪರ್ಮಿಷನ್ ಒಂದೊಂದು ಸಾಲಿನಲ್ಲಿ ಕಾಣುತ್ತದೆ. ನನ್ನಲ್ಲಿ ವಿಕಿಯ ಫೋಲ್ಡರ್ ಸರಿಯಾಗಿಯೇ ಇತ್ತು. ಎರಡು ಹಂತ ಮೇಲೆ, /ಮೀಡಿಯಾ ಫೋಲ್ಡರಿನ ಕೆಳಗೆ ಯೂಸರ್ ಹೆಸರಿನ ಫೋಲ್ಡರಿನ ಸಾಲಿನಲ್ಲಿ, ಪರ್ಮಿಷನ್ನಿನ ಕೊನೆಯ ಮೂರು ಅಕ್ಷರಗಳ (ಉಳಿದವರ ಹಕ್ಕು) ಜಾಗದಲ್ಲಿ ಬರೀ ಗೆರೆಗಳಿದ್ದವು. ಡೆಸ್ಕ್‌ಟಾಪ್ ತಾನಾಗಿ ಮೌಂಟ್ ಮಾಡಿದ (ಒಂದು ಫೋಲ್ಡರಿಗೆ ಜೋಡಿಸಿದ) ಡ್ರೈವಿಗೆ ಲಾಗಿನ್ ಆದವರಿಗಷ್ಟೇ ಪ್ರವೇಶ. ಅಪಾಚೆ ಓಡುವುದು ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ ಎಂಬ ಬೇರೆ ಯೂಸರ್ ಹೆಸರಿನಲ್ಲಿ.

ಡ್ರೈವ್ ವಿಂಡೋಸಿನ ಎನ್‌ಟಿಎಫ್‌ಎಸ್ ಮಾದರಿಯದೂ ಆಗಿತ್ತು. ಅದರ ಮೇಲೆ ಒಡೆತನ, ಪರ್ಮಿಷನ್ ಬದಲಿಸುವ ಚೋನ್, ಚ್‌ಮಾಡ್ ಎಷ್ಟು ಸಲ ಓಡಿಸಿದರೂ ಏನೂ ಬದಲಾಗುತ್ತಿರಲಿಲ್ಲ, ಏಕೆಂದರೆ ಅಲ್ಲಿ ಒಡೆತನ ಠರಾಯಿಸುವುದು ಮೌಂಟ್ ಆಪ್ಷನ್‌ಗಳು. ಡೇಟಾ ಬೇರೆಡೆ ಕಾಪಿ ಮಾಡಿ ಲಿನಕ್ಸಿನ ಇಎಕ್ಸ್‌ಟಿ4ಗೆ ಫಾರ್ಮ್ಯಾಟ್ ಮಾಡಿದೆ. ಬಿಎಲ್‌ಕೆಐಡಿ ಕಮಾಂಡ್ ತೋರಿಸಿದ ಯುಯುಐಡಿಯನ್ನು (ಡ್ರೈವಿನ ಗುರುತು) ಬೂಟ್ ಹೊತ್ತಿನ ಮೌಂಟ್ ಪಟ್ಟಿಯಾದ ಎಫ್‌ಎಸ್‌ಟ್ಯಾಬ್‌ಗೆ ಬರೆದು, /ಎಸ್‌ಆರ್‌ವಿ/ಡೇಟಾಗೆ ಮೌಂಟ್ ಮಾಡಿ, ನೋಫೇಲ್ ಆಪ್ಷನ್ ಸೇರಿಸಿದೆ. ಡ್ರೈವ್ ಕೈಕೊಟ್ಟರೂ ಸರ್ವರ್ ಬೂಟ್ ಆಗಬೇಕಲ್ಲ.

ಮತ್ತೆ 403. ಈ ಸಲ ಲಾಗಿನಲ್ಲಿ ಎಎಚ್01630. ಇದಕ್ಕೂ ಪರ್ಮಿಷನ್‌ಗೂ ಸಂಬಂಧವಿಲ್ಲ: ಡೆಬಿಯನ್ನಿನ ಅಪಾಚೆ ಇಡೀ ಡಿಸ್ಕನ್ನು ಮೊದಲು ನಿರಾಕರಿಸಿ, ಆಮೇಲೆ /ವಾರ್/ಡಬ್ಲ್ಯುಡಬ್ಲ್ಯುಡಬ್ಲ್ಯು ತರಹದ ಕೆಲವೇ ಜಾಗಕ್ಕೆ ಅನುಮತಿ ಕೊಟ್ಟಿರುತ್ತದೆ. ಸೈಟ್ ಕಾನ್ಫಿಗಿನಲ್ಲಿ ವಿಕಿಯ ಫೋಲ್ಡರಿಗೆ ಡೈರೆಕ್ಟರಿ ಬ್ಲಾಕ್ ತೆರೆದು 'ರಿಕ್ವೈರ್ ಆಲ್ ಗ್ರಾಂಟೆಡ್' ಬರೆದು ಅಪಾಚೆ ರೀಲೋಡ್ ಮಾಡಿದೊಡನೆ ಸೆಟಪ್ ಪುಟ ಬಂತು.

ಉಳಿದದ್ದು ಸಲೀಸು. ಬರೆಯುವ ಹಕ್ಕು ಇಮೇಜಸ್ ಫೋಲ್ಡರಿಗೆ ಸಾಕು. ಫೋಟೊ ಅಪ್‌ಲೋಡ್ ಆಗದಿದ್ದರೆ ವಿಕಿ ಬರೆದಿರುವ ಭಾಷೆಯಾದ ಪಿಎಚ್‌ಪಿಯ ಮಿತಿ ನೋಡಿ, ತಾನಾಗಿ 2 ಎಂಬಿ ಇರುತ್ತದೆ. ಅಪ್‌ಲೋಡ್ ಮಿತಿ 20 ಎಂಬಿ ಮಾಡಿ, ಪೋಸ್ಟ್ ಮಿತಿ ಅದಕ್ಕಿಂತ ತುಸು ಹೆಚ್ಚಿಡಿ; ತಿದ್ದಬೇಕಾದದ್ದು ಅಪಾಚೆಗಿರುವ ಪಿಎಚ್‌ಪಿ ಐಎನ್‌ಐ ಸೆಟ್ಟಿಂಗ್ಸ್ ಫೈಲ್, ಟರ್ಮಿನಲ್ಲಿನದಲ್ಲ. ಮರಿಯಾಡಿಬಿ ಡೇಟಾಬೇಸನ್ನು ನಾನು ಎಸ್‌ಎಸ್‌ಡಿ ಮೇಲೆಯೇ ಬಿಟ್ಟೆ. ಅದರ ದೈನಂದಿನ ಡಂಪ್ (ಬ್ಯಾಕಪ್ ಪ್ರತಿ) ಎರಡನೇ ಡ್ರೈವಿಗೆ ಹೋಗುತ್ತದೆ, ವಿಕಿ ಫೋಲ್ಡರಿನ ಹೊರಗೆ.

ನೋಫೇಲ್ ಹಾಕಿದವರು ಒಂದು ವಿಷಯಕ್ಕೆ ಎಚ್ಚರವಿರಬೇಕು. ಡ್ರೈವ್ ಮೌಂಟ್ ಆಗದ ದಿನ /ಎಸ್‌ಆರ್‌ವಿ/ಡೇಟಾ ಬರೀ ಖಾಲಿ ಫೋಲ್ಡರ್. ಡಂಪ್ ಸ್ಕ್ರಿಪ್ಟ್ ಅದರೊಳಗೆ ಹೊಸ ಫೋಲ್ಡರ್ ಮಾಡಿ ಎಸ್‌ಎಸ್‌ಡಿ ಮೇಲೆಯೇ ಬರೆಯುತ್ತದೆ. ಡ್ರೈವ್ ಮರಳಿ ಮೌಂಟ್ ಆದಾಗ ಆ ಫೈಲುಗಳು ಅದರಡಿ ಮುಚ್ಚಿಹೋಗುತ್ತವೆ, ಎಸ್‌ಎಸ್‌ಡಿ ತುಂಬಿದ್ದೇಕೆ ಎಂದು ಹುಡುಕಿದರೂ ಸಿಗುವುದಿಲ್ಲ. ಡ್ರೈವ್ ಅನ್‌ಮೌಂಟ್ ಇರುವಾಗ ಆ ಖಾಲಿ ಫೋಲ್ಡರಿಗೆ ಚ್‌ಆಟರ್ ಕಮಾಂಡಿನಿಂದ ಪ್ಲಸ್ ಐ (ಬದಲಿಸಲಾಗದು ಎಂಬ ಗುರುತು) ಹಾಕಿ. ಆಮೇಲೆ ಎಲ್ಲ ಹಕ್ಕಿರುವ ಯೂಸರ್ ರೂಟ್ ಕೂಡ ಅದರಲ್ಲಿ ಬರೆಯಲಾರ, ಡ್ರೈವ್ ಮೌಂಟ್ ಆಗಲು ಅಡ್ಡಿಯೂ ಇಲ್ಲ.

ಬೇಸಿಗೆಯಲ್ಲಿ ಕರೆಂಟ್ ಹೋಗಿ ಬಂದ ಮೇಲೆ ಪುಟಗಳು ತೆರೆದುಕೊಂಡರೂ ಫೋಟೊ ಮಾತ್ರ ಏರದಿದ್ದರೆ ಪರ್ಮಿಷನ್ ಮುಟ್ಟಬೇಡಿ. ಕರ್ನಲಿನ ಸಂದೇಶ ತೋರಿಸುವ ಡಿಮೆಸೇಜ್ ನೋಡಿ: ಫೈಲ್‌ಸಿಸ್ಟಮಿನಲ್ಲಿ ದೋಷ ಕಂಡು ಡ್ರೈವ್ ರೀಡ್-ಓನ್ಲಿ ಆಗಿರಬಹುದು. ಅಪಾಚೆ ನಿಲ್ಲಿಸಿ, ಡ್ರೈವ್ ಅನ್‌ಮೌಂಟ್ ಮಾಡಿ, ದೋಷ ಸರಿಪಡಿಸುವ ಎಫ್‌ಎಸ್‌ಸಿಕೆ ಓಡಿಸಿ, ಮತ್ತೆ ಮೌಂಟ್ ಮಾಡಿ. ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ ಹೆಸರಿನಲ್ಲಿ ಸುಡೊ ಮೂಲಕ ಇಮೇಜಸ್ ಫೋಲ್ಡರಿನಲ್ಲಿ ಒಂದು ಖಾಲಿ ಫೈಲ್ ಟಚ್ ಮಾಡಿ ನೋಡಿ. ಅದು ಆಯಿತೆಂದರೆ ಅಪಾಚೆ ಶುರು ಮಾಡಬಹುದು.